ಹಳೆಯ ನೀರು

ಹಳೆಯ ಸಾಮಾನು ಕೊಳ್ಳುವುದೆಂದರೆ ನನಗೆ ಮೊದಲಿನಿಂದಲೂ ಒಂದು ಸಡಗರ. ನಮ್ಮ ಮನೆಯ ಊಟದ ಮೇಜು, ನಾನು ಉತ್ತರಪತ್ರಿಕೆ ತಿದ್ದುವ ಬೀಟೆ ಮರದ ಕುರ್ಚಿ, ಹೊಲಿಗೆ ಯಂತ್ರ ಎಲ್ಲವೂ ಯಾರೋ ಊರು ಬಿಟ್ಟು ಹೋಗುವಾಗ ನಮಗೆ ಕೊಟ್ಟು ಹೋದವು. "ಈ ಮನೆಗೆ ಹೊಸದಾಗಿ ಬಂದವನು ನಾನೊಬ್ಬನೇ" ಎಂದು ನಮ್ಮವರು ತಮಾಷೆ ಮಾಡುವುದುಂಟು. ಹಳೆಯ ಮೇಜನ್ನು ತಂದರೆ ಸೋಪಿನ ನೀರಿನಲ್ಲಿ ಒರೆಸಿ, ಬಿಸಿಲಿಗಿಟ್ಟು, ಮೇಲೊಂದು ಕಸೂತಿ ಬಟ್ಟೆ ಹಾಸಿದರೆ ಮುಗಿಯಿತು. ಅದು ನಮ್ಮದಾಗಿಬಿಡುತ್ತದೆ. ಇದೇ ಧೈರ್ಯದ ಮೇಲೆ ನಾಲ್ಕು ವರ್ಷಗಳ ಹಿಂದೆ ನಾನೊಂದು ಹಳೆಯ ಅಕ್ವೇರಿಯಂ ಕೊಂಡೆ. ಅದರೊಳಗೆ ಜೀವಂತ ಮೀನುಗಳಿದ್ದವು.

ನಾವಿರುವುದು ತಿಪಟೂರಿನಲ್ಲಿ. ಅರಸೀಕೆರೆಯಲ್ಲಿದ್ದ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಬೆಳಗಾವಿಗೆ ವರ್ಗವಾಗಿದೆ, ಮೂರಡಿಯ ಮೀನಿನ ತೊಟ್ಟಿಯನ್ನು ಸ್ಟ್ಯಾಂಡು, ಪಂಪು, ಮೀನುಗಳ ಸಮೇತ ಕೊಟ್ಟುಬಿಡುತ್ತಾರಂತೆ ಎಂದು ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಹೇಳಿದರು. ಎಲ್ಲ ಸೇರಿ 1,800 ರೂಪಾಯಿ. ಆಗ ಎಂಟನೆಯ ತರಗತಿಯಲ್ಲಿದ್ದ ನನ್ನ ಕಿರಿಯ ಮಗ ಮೀನು ಸಾಕೋಣವೆಂದು ವರ್ಷದಿಂದ ದುಂಬಾಲು ಬಿದ್ದಿದ್ದ. ಒಂದು ಭಾನುವಾರ ಬೆಳಿಗ್ಗೆ ಲಗೇಜ್ ಆಟೊ ಮಾಡಿಕೊಂಡು ಸುಮಾರು ಇಪ್ಪತ್ತೈದು ಕಿಲೋಮೀಟರು ದೂರದ ಅರಸೀಕೆರೆಗೆ ಅಮ್ಮ ಮಗ ಇಬ್ಬರೂ ಹೊರಟೆವು.

ವರ್ಗವಾದವರ ಮನೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹಗ್ಗ, ಗೋಣಿತಾಟು, ರಟ್ಟಿನ ಪೆಟ್ಟಿಗೆ, ನಡುವೆ ಎಲ್ಲೋ ಕಳೆದುಹೋದ ಕತ್ತರಿ. ಮನೆಯಾಕೆ ಕಾಫಿ ಕೊಡಲು ಲೋಟ ಹುಡುಕುತ್ತಿದ್ದರು. ಹಾಲ್‌ನ ಮೂಲೆಯಲ್ಲಿ ತೊಟ್ಟಿ ಇತ್ತು. ನಾಲ್ಕು ಗೋಲ್ಡ್ ಫಿಶ್, ಎರಡು ಏಂಜಲ್, ಎರಡು ನೀಲಿ ಗೌರಾಮಿ. ಮೀನುಗಳೇನೋ ಲಕಲಕ ಅನ್ನುತ್ತಿದ್ದವು. ಆದರೆ ನೀರು ತುಸು ಹಳದಿ, ಗಾಜಿನ ಅಂಚಿಗೆ ಹಸಿರು ಪಾಚಿ, ತಳದ ಜಲ್ಲಿಕಲ್ಲಿನ ಸಂದಿಯಲ್ಲಿ ಕಪ್ಪನೆಯ ಕಸ. 'ಇಷ್ಟು ಅಚ್ಚುಕಟ್ಟಾದ ಮನೆಯಲ್ಲಿ ಇದೊಂದನ್ನು ಹೀಗೇಕೆ ಬಿಟ್ಟಿದ್ದಾರೋ' ಎಂದುಕೊಂಡೆ.

ತೊಟ್ಟಿ ಇಳಿಸುವ ಕೆಲಸವನ್ನು ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸೇ ವಹಿಸಿಕೊಂಡಳು. ನಲವತ್ತರ ಆಸುಪಾಸಿನ ವಯಸ್ಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಹಿಂದಿನ ದಿನ ಬೆಳಿಗ್ಗೆಯಿಂದಲೇ ಮೀನುಗಳಿಗೆ ಆಹಾರ ಹಾಕಿರಲಿಲ್ಲವಂತೆ. "ಹೊಟ್ಟೆ ತುಂಬಿಸ್ಕೊಂಡು ಗಾಡಿ ಹತ್ತಿದ್ರೆ ದಾರೀಲೇ ನೀರು ಕೆಡಿಸ್ಕೊತವೆ ಟೀಚರಮ್ಮ" ಅಂದಳು. ಮೀನುಗಳನ್ನು ಬಲೆಯಲ್ಲಿ ಮೆಲ್ಲಗೆ ಹಿಡಿದು, ಅದೇ ನೀರು ಅರ್ಧ ತುಂಬಿಸಿದ್ದ ಎರಡು ಮುಚ್ಚಳದ ಬಕೆಟ್ಟುಗಳಿಗೆ ಬಿಟ್ಟಳು. ನೀರು ತುಂಬಿರುವ ತೊಟ್ಟಿಯನ್ನು ಎತ್ತಲೇಬಾರದು, ಗಾಜಿನ ಬೆಸುಗೆ ಬಿಟ್ಟುಕೊಳ್ಳುತ್ತದೆ ಎಂದು ಆಟೊದವನನ್ನು ಗದರಿದಳು. ಅವಳ ಮಾತು ನಿಜವೇ. ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ತುಂಬಿದರೆ ನೂರು ಲೀಟರಿಗೂ ಮೇಲೆ ನೀರು. ಲೀಟರಿಗೆ ಒಂದು ಕಿಲೋದಂತೆ ಒಂದು ಕ್ವಿಂಟಾಲಿನ ತೂಕ.

ಉಳಿದ ನೀರನ್ನು ಪೈಪಿನಲ್ಲಿ ಎಳೆದು ಬಚ್ಚಲಿಗೆ ಬಿಡಲು ನಾನು ಹೊರಟಾಗ ಅವಳು ತಡೆದಳು.

"ಆ ನೀರು ಚೆಲ್ಲಬ್ಯಾಡಿ ಟೀಚರಮ್ಮ. ಅರ್ಧನಾದ್ರೂ ಕ್ಯಾನಿಗೆ ತುಂಬಿಸ್ಕೊಂಡು ಹೋಗಿ. ಆಮೇಲೆ ಈ ಪಿಲ್ಟರ್ ಸ್ಪಂಜು ಐತಲ್ಲ, ಇದನ್ನ ನಲ್ಲಿ ನೀರಲ್ಲಿ ತೊಳೀಬ್ಯಾಡಿ. ಇದೇ ನೀರಲ್ಲಿ ಒಂದೆರಡು ಸಲ ಅದ್ದಿ ಹಿಂಡಿದ್ರೆ ಸಾಕು."

ನಾನು ನಕ್ಕೆ. "ಹೊಸ ಮನೆಗೆ ಹೋಗುವಾಗ ಕೊಳೆ ನೀರು ಯಾಕಮ್ಮ ಕಟ್ಟಿಕೊಂಡು ಹೋಗೋದು?" ಅಂದೆ. ಅವಳು ಮತ್ತೆ ಮಾತಾಡಲಿಲ್ಲ. ಸ್ಪಂಜನ್ನು ಹಸಿಯಾಗಿಯೇ ಒಂದು ಕವರಿಗೆ ಹಾಕಿ ಗಂಟು ಹಾಕಿ ನನ್ನ ಕೈಗೆ ಕೊಟ್ಟಳು. ನಾನು ನೀರನ್ನು ಬಚ್ಚಲಿಗೆ ಬಿಟ್ಟೆ.

ಮನೆಗೆ ಬಂದ ಮೇಲೆ ನನ್ನ ಸಂಭ್ರಮ ನೋಡಬೇಕಿತ್ತು. ಜಲ್ಲಿಕಲ್ಲನ್ನು ಅಕ್ಕಿ ತೊಳೆದ ಹಾಗೆ ಏಳು ಸಲ ತೊಳೆದು, ಕುದಿಯುವ ನೀರು ಹುಯ್ದು, ಬಿಸಿಲಿಗೆ ಹರಡಿದೆ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ, ಕಂದು ನೀರು ಬರುವುದು ನಿಂತ ಮೇಲೆ ಹಗ್ಗಕ್ಕೆ ಹಾಕಿದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆಂದು ಕೇಳಿದ್ದರಿಂದ ಒಂದು ಹಗಲು ಒಂದು ರಾತ್ರಿ ನೀರನ್ನು ಹಾಗೇ ಹಿಡಿದಿಟ್ಟು, ಮೀನುಗಳನ್ನು ಪಂಪು ಹಾಕಿದ ಬಕೆಟ್ಟಿನಲ್ಲಿ ಇರಿಸಿ, ಸೋಮವಾರ ಸಂಜೆ ತೊಟ್ಟಿಗೆ ಬಿಟ್ಟೆ. ತೊಟ್ಟಿ ಸ್ಫಟಿಕದಂತೆ ಹೊಳೆಯಿತು. ಅಕ್ಕಪಕ್ಕದವರು ಬಂದು ನೋಡಿದರು. "ಹಳೇದು ಅಂತ ಯಾರೂ ಹೇಳಲ್ಲ ಕಣ್ರೀ" ಅಂದರು. ನನಗೆ ಅಷ್ಟೇ ಬೇಕಿತ್ತು.

ಗುರುವಾರದ ಹೊತ್ತಿಗೆ ಗೋಲ್ಡ್ ಫಿಶ್‌ಗಳು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಕಿವಿರು ಕೆಂಪಗಾಗಿತ್ತು. ಶನಿವಾರ ನೀರು ಅಕ್ಕಿ ತೊಳೆದ ಕಲಗಚ್ಚಿನ ಹಾಗೆ ಬೆಳ್ಳಗಾಯಿತು. ಗಾಬರಿಯಾಗಿ ನಾನು ಎಲ್ಲ ನೀರನ್ನೂ ತೆಗೆದು ಮತ್ತೊಮ್ಮೆ ತೊಳೆದೆ. ಹತ್ತು ದಿನಗಳಲ್ಲಿ ಒಂದೊಂದಾಗಿ ಆರು ಮೀನು ಹೋದವು. ಗೌರಾಮಿಗಳೆರಡು ಉಳಿದವು. ಮಗ ಪ್ರತಿಯೊಂದನ್ನೂ ಕಾಗದದಲ್ಲಿ ಸುತ್ತಿ ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಹೂಳಿದ. ಕೊನೆಯ ಏಂಜಲ್ ಮೀನನ್ನು ಹೂತು ಕೈ ತೊಳೆಯುತ್ತ ಅವನು ಮೆಲ್ಲಗೆ, "ಆ ಆಂಟಿ ಹೇಳಿದ್ದನ್ನ ನಾನು ಕೇಳಿಸ್ಕೊಂಡಿದ್ದೆ ಅಮ್ಮ" ಅಂದ. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ದಸರೆಯ ರಜೆಗೆ ಮೈಸೂರಿನಿಂದ ಬಂದ ನನ್ನ ತಂಗಿಯ ಮಗಳು ಸೂಕ್ಷ್ಮಜೀವಿಶಾಸ್ತ್ರ ಓದಿದವಳು. ನನ್ನ ಕತೆ ಕೇಳಿ, "ದೊಡ್ಡಮ್ಮ, ನೀವು ಹೆಪ್ಪನ್ನೇ ತೊಳೆದು ಚೆಲ್ಲಿಬಿಟ್ಟಿರಿ" ಅಂದಳು. ಆಮೇಲೆ ವಿವರಿಸಿದಳು. ಮೀನುಗಳು ಕಿವಿರಿನ ಮೂಲಕ ಅಮೋನಿಯ ಹೊರಹಾಕುತ್ತವೆ. ಉಳಿದ ಆಹಾರ ಕೊಳೆತರೂ ಅಮೋನಿಯವೇ. ಅದು ಮೀನಿಗೆ ವಿಷ. ತೊಟ್ಟಿಯ ಸ್ಪಂಜು, ಜಲ್ಲಿ, ಗಾಜುಗಳಿಗೆ ಅಂಟಿಕೊಂಡಿರುವ ಒಂದು ಬಗೆಯ ಬ್ಯಾಕ್ಟೀರಿಯ ಆ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಕೆಡುಕಲ್ಲ. ಗಿಡಗಳಿಗೆ ಗೊಬ್ಬರ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಬೇಕಾದಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಳೆಯ ತೊಟ್ಟಿಯನ್ನು ಕೊಳ್ಳುವುದರ ದೊಡ್ಡ ಲಾಭವೇ ಅವು ತಯಾರಾಗಿ ಕೂತಿರುವುದು. ಅವು ಹೆಚ್ಚಾಗಿ ಇರುವುದು ನೀರಿನಲ್ಲಲ್ಲ, ನಾನು ಹಗ್ಗಕ್ಕೆ ಒಣಹಾಕಿದ ಆ ಸ್ಪಂಜಿನಲ್ಲಿ, ಕುದಿನೀರು ಹುಯ್ದ ಆ ಜಲ್ಲಿಯಲ್ಲಿ. ಹಳೆಯ ನೀರನ್ನು ಅರ್ಧ ಉಳಿಸಿಕೊಂಡರೆ ಮೀನಿಗೆ ಒಮ್ಮೆಲೇ ಬೇರೆ ನೀರಿನ ಆಘಾತವಾಗುವುದಿಲ್ಲ, ಅಷ್ಟೇ.

ಅಂದರೆ ಆ ಹೆಂಗಸು ಹೇಳಿದ ಎರಡು ಮಾತೂ ಸರಿ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಮಕ್ಕಳಿಗೆ ವರ್ಷವರ್ಷವೂ ಗಾದೆ ವಿಸ್ತರಿಸಲು ಕೊಡುವವಳು ನಾನು.

ನಾನು ಸಮಾಜ ವಿಜ್ಞಾನ ಹೇಳಿಕೊಡುವವಳು. ಯಾವ ವಿಷಯವಾದರೂ ಎಲ್ಲಿಂದ ಬಂತು, ಯಾರು ಮೊದಲು ಮಾಡಿದರು ಎಂದು ತಿಳಿಯದೆ ನನಗೆ ಸಮಾಧಾನವಿಲ್ಲ. ಗಾಜಿನ ತೊಟ್ಟಿಯಲ್ಲಿ ಮೀನು ಬದುಕುವುದು ಹೇಗೆಂದು ಜಗತ್ತಿಗೆ ಯಾವಾಗ ಗೊತ್ತಾಯಿತು ಎಂದು ಹುಡುಕುತ್ತ ಹೋದೆ. ನನ್ನ ತಪ್ಪನ್ನು ಮಾಡಿದ ದೊಡ್ಡವರು ಯಾರಾದರೂ ಸಿಗಬಹುದೆಂಬ ಆಸೆಯೂ ಇತ್ತೆನ್ನಿ.

ಮೀನು ಸಾಕುವುದು ಹೊಸದೇನಲ್ಲ. ಚೀನಾದಲ್ಲಿ ಸೋಂಗ್ ರಾಜಮನೆತನದ ಕಾಲದಲ್ಲೇ ಕೊಳಗಳಲ್ಲಿ ಚಿನ್ನದ ಬಣ್ಣದ ಮೀನು ಸಾಕುತ್ತಿದ್ದರು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನುಗಳ ಜಾತಿ, ಅವಕ್ಕೆ ಹಾಕುವ ಆಹಾರ, ಗಾಳ ಹಾಕುವ ಬಗೆ ಎಲ್ಲ ಅದರಲ್ಲಿವೆ. ಆದರೆ ಅವೆಲ್ಲ ಕೊಳ, ಕೆರೆ, ಹೊಳೆಗಳ ಮಾತು. ಹರಿಯುವ ನೀರು, ತಳದ ಮಣ್ಣು, ಬಿಸಿಲು ತಮ್ಮ ಕೆಲಸ ತಾವು ಮಾಡಿಕೊಳ್ಳುತ್ತವೆ. ಮುಚ್ಚಿದ ಮನೆಯೊಳಗೆ ಗಾಜಿನ ನಾಲ್ಕು ಗೋಡೆಗಳ ನಡುವೆ ನೀರನ್ನು ಕೆಡದಂತೆ ಇಡುವುದೇ ಬೇರೆ ವಿದ್ಯೆ. ಅದು ಹುಟ್ಟಿದ್ದು 19ನೇ ಶತಮಾನದ ಯುರೋಪಿನಲ್ಲಿ. ಅದರ ಮೊದಲ ಪುಟಗಳಲ್ಲಿ ಇಬ್ಬರು ಹೆಂಗಸರಿರುವುದು ಕಂಡು ನನಗೆ ಆಶ್ಚರ್ಯವಾಯಿತು.

ಮೊದಲನೆಯವಳು ಜೀನ್ ವಿಲ್‌ಪ್ರೊ ಪವರ್. 1794ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹುಟ್ಟಿ, ಪ್ಯಾರಿಸ್ಸಿಗೆ ಬಂದು ಬಟ್ಟೆ ಹೊಲಿಯುವ ಕೆಲಸಕ್ಕೆ ಸೇರಿದವಳು. 1816ರಲ್ಲಿ ರಾಜಕುಮಾರಿಯೊಬ್ಬಳ ಮದುವೆಯ ಉಡುಪು ಸಿದ್ಧಪಡಿಸಿ ಹೆಸರಾದಳು. 1818ರಲ್ಲಿ ವರ್ತಕನೊಬ್ಬನನ್ನು ಮದುವೆಯಾಗಿ ಸಿಸಿಲಿ ದ್ವೀಪದ ಮೆಸ್ಸಿನಾ ಸೇರಿದಳು. ಅಲ್ಲಿ ಆರ್ಗೊನಾಟ್ ಎಂಬ ಕಡಲ ಜೀವಿಯಿದೆ. ಆಕ್ಟೋಪಸ್ ಜಾತಿಯದು, ಕಾಗದದಷ್ಟು ತೆಳ್ಳನೆಯ ಚಿಪ್ಪಿನೊಳಗೆ ವಾಸ. ಆ ಚಿಪ್ಪನ್ನು ಅದೇ ಕಟ್ಟಿಕೊಳ್ಳುತ್ತದೋ, ಇನ್ಯಾರದೋ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೋ ಎಂದು ಪಂಡಿತರಲ್ಲಿ ವಾದ ನಡೆಯುತ್ತಿತ್ತು. ಸತ್ತ ಜೀವಿಯನ್ನು ನೋಡಿದರೆ ಇದು ತಿಳಿಯುವುದಲ್ಲ, ಬದುಕಿರುವುದನ್ನೇ ನೋಡಬೇಕು ಎಂದು ಅವಳು 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿದಳು. ಚಿಪ್ಪಿನ ಚೂರು ಮುರಿದರೆ ಆ ಜೀವಿ ತಾನೇ ತೇಪೆ ಹಾಕಿಕೊಳ್ಳುವುದನ್ನು ಕಂಡಳು. ಮರಿಗಳು ತಮ್ಮ ಚಿಪ್ಪನ್ನು ತಾವೇ ಬೆಳೆಸಿಕೊಳ್ಳುವುದನ್ನು ಕಂಡಳು. ಹೊಲಿಗೆ ಬಲ್ಲವಳ ಕಣ್ಣಿಗೆ ತೇಪೆ ಬೀಳದೆ ಇದ್ದೀತೆ!

ಅವಳಿಗೂ ಸಾಗಾಟವೇ ಮುಳುವಾಯಿತು. ಸಿಸಿಲಿಯನ್ನು ಬಿಟ್ಟು ಹೊರಡುವಾಗ ಲಂಡನ್ನಿಗೆ ಹಡಗಿನಲ್ಲಿ ಕಳಿಸಿದ ಅವಳ ಸಂಗ್ರಹ, ಬರಹ, ಚಿತ್ರಗಳ ಬಹುಭಾಗ 1838ರಲ್ಲಿ ಹಡಗಿನ ಜೊತೆ ಮುಳುಗಿಹೋಯಿತು. 1871ರಲ್ಲಿ ಅವಳು ಹುಟ್ಟೂರಿನಲ್ಲೇ ತೀರಿಕೊಂಡಳು. ಬಹುಕಾಲ ಅವಳನ್ನು ನೆನೆಯುವವರು ಕಡಿಮೆಯಿದ್ದರು. 1997ರಲ್ಲಿ ಶುಕ್ರಗ್ರಹದ ಒಂದು ಕುಳಿಗೆ ಅವಳ ಹೆಸರಿಟ್ಟರು.

ಎರಡನೆಯವಳು ಇಂಗ್ಲೆಂಡಿನ ಆ್ಯನಾ ತಿನ್. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಪಾದ್ರಿಯೊಬ್ಬರ ಹೆಂಡತಿ, ತುಂಬಿದ ಮನೆಯ ಗೃಹಿಣಿ. 1846ರ ಶರತ್ಕಾಲದಲ್ಲಿ ಸಮುದ್ರತೀರದ ಟಾರ್ಕಿ ಎಂಬ ಊರಿಗೆ ಹೋಗಿದ್ದಾಗ ಜೀವಂತ ಹವಳದ ಜೀವಿಗಳನ್ನು ಕಂಡು ಮಾರುಹೋದಳು. ಮನೆಗೆ ಒಯ್ಯಬೇಕು. ಲಂಡನ್ನಿಗೆ ಸುಮಾರು ಮುನ್ನೂರು ಕಿಲೋಮೀಟರು. ದಾರಿಯ ಕುಲುಕಾಟದಲ್ಲಿ ಅವು ಜಾಡಿಯೊಳಗೆ ಉರುಳಾಡಿ ಸಾಯಬಾರದು. ಆಕೆ ಏನು ಮಾಡಿದಳು ಗೊತ್ತೆ? ಒಂದು ದೊಡ್ಡ ಸ್ಪಂಜು ತೆಗೆದುಕೊಂಡು, ಸೂಜಿ ದಾರದಿಂದ ಹವಳಗಳನ್ನು ಅದಕ್ಕೆ ಹೊಲಿದಳು. ಸ್ಪಂಜನ್ನು ಸಮುದ್ರದ ನೀರು ತುಂಬಿದ ಜಾಡಿಯಲ್ಲಿಟ್ಟು ಊರಿಗೆ ತಂದಳು. ಇದನ್ನು ಓದಿದಾಗ ನನಗೆ ಅರಸೀಕೆರೆಯ ಆ ಒದ್ದೆ ಸ್ಪಂಜಿನ ಕವರು ಕಣ್ಣಿಗೆ ಬಂತು.

ಲಂಡನ್ನಿನಲ್ಲಿ ಸಮುದ್ರದ ನೀರು ಎಲ್ಲಿಂದ ತರುವುದು? ಮೊದಮೊದಲು ತರಿಸಿದಳು. ಅದು ಸಾಲದಾದಾಗ ಇದ್ದ ನೀರನ್ನೇ ಮತ್ತೆ ಬಳಸುವ ಉಪಾಯ ಹೂಡಿದಳು. ತೆರೆದ ಕಿಟಕಿಯ ಬಳಿ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೆ ಇದಕ್ಕೆ ಎತ್ತಿ ಎತ್ತಿ ಹುಯ್ಯುವುದು. ನಾವು ಕಾಫಿ ಆರಿಸುವ ಹಾಗೆ. ಗಾಳಿ ಬೆರೆತು ನೀರು ಮತ್ತೆ ಬಳಕೆಗೆ ಬರುತ್ತಿತ್ತು. ಪ್ರತಿ ಸಲವೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಹೀಗೆ ಹುಯ್ಯಬೇಕು. ಮರುವರ್ಷ ಕಡಲಪಾಚಿಗಳನ್ನೂ ಸೇರಿಸಿ, ಹವಳಗಳನ್ನು ಮೂರು ವರ್ಷ ಬದುಕಿಸಿಕೊಂಡಳು.  ಅವಳ ಬರಹ 1859ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ನೀರು ಹುಯ್ದವರು ಯಾರು? ಆ್ಯನಾ ಮುಚ್ಚಿಡಲಿಲ್ಲ. ಆಯಾಸದ ಕೆಲಸವೇ, ಆದರೆ ನನ್ನ ಪುಟ್ಟ ಕೆಲಸದ ಹುಡುಗಿಗೆ ಅದೊಂದು ಆಟದ ಹಾಗಿತ್ತು ಎಂಬ ಅರ್ಥದ ಮಾತು ಬರೆದಿದ್ದಾಳೆ. ಹುಡುಗಿಯ ಹೆಸರು ಬರೆದಿಲ್ಲ. ಆ ಹವಳಗಳಿಗೆ ಲ್ಯಾಟಿನ್ ಭಾಷೆಯ ಜಾತಿಹೆಸರಿದೆ. ಅವುಗಳನ್ನು ಉಳಿಸಿದ ಮಗುವಿಗೆ ಹೆಸರಿಲ್ಲ. ದಿನವೂ ಮುಕ್ಕಾಲು ಗಂಟೆ ನೀರೆತ್ತಿ ಹುಯ್ಯುವುದು ಆಟವೋ ಅಲ್ಲವೋ, ನಲ್ಲಿಯಿಲ್ಲದ ಕಾಲದಲ್ಲಿ ಬಾವಿ ಸೇದಿದ ನಮ್ಮ ಪ್ರಾಯದವರಿಗೆ ಗೊತ್ತು.

ಆ ಹೊತ್ತಿನಲ್ಲೇ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಸಿಹಿನೀರಿನ ಪ್ರಯೋಗ ನಡೆಸುತ್ತಿದ್ದ. ಒಂದು ಪಾತ್ರೆಯಲ್ಲಿ ಎರಡು ಗೋಲ್ಡ್ ಫಿಶ್, ಒಂದು ನೀರುಗಿಡ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಉಸಿರಾಡುತ್ತದೆ ಎಂಬ ಲೆಕ್ಕ. ಆದರೆ ಕೊಳೆತ ಎಲೆಗಳಿಂದ ನೀರು ಕದಡಿತು. ಆಗ ಅವನು ಎಲೆ ತಿನ್ನುವ ನೀರಿನ ಬಸವನಹುಳುಗಳನ್ನು ತಂದು ಬಿಟ್ಟ. ನೀರು ತಿಳಿಯಾಯಿತು. ಇದನ್ನು 1850ರಲ್ಲಿ ಪ್ರಕಟಿಸಿದ. ಕಸ ತೆಗೆಯುವವರಿಲ್ಲದೆ ಮನೆ ನಡೆಯುವುದಿಲ್ಲ ಎಂಬುದನ್ನು ಅವನು ಕಂಡುಕೊಂಡದ್ದು ಹಾಗೆ.

ಆಮೇಲೆ ಅಕ್ವೇರಿಯಂ ಒಂದು ಹುಚ್ಚಾಗಿ ಹಬ್ಬಿತು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲು ಬಂದು ಕಡಲಿನ ಜೀವಿಗಳು ಊರೊಳಕ್ಕೆ ಬರುವಂತಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಪದ ಎಲ್ಲರ ಬಾಯಲ್ಲೂ ಓಡಾಡಿತು. ಜನ ಬುಟ್ಟಿ ಹಿಡಿದು ಕಡಲಿಗೆ ಹೋಗಿ ಬಂಡೆಗಳ ಸಂದಿಯಲ್ಲಿದ್ದುದನ್ನೆಲ್ಲ ಬಾಚಿ ತಂದರು. ತಂದೆಯ ಪುಸ್ತಕ ಓದಿದವರಿಂದಲೇ ಆ ತೀರಗಳು ಬರಿದಾದವೆಂದು ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ಪುಸ್ತಕದಲ್ಲಿ ನೊಂದು ಬರೆದಿದ್ದಾನೆ. ಮನೆಗೆ ತಂದ ಜೀವಿಗಳಲ್ಲಿ ಎಷ್ಟೋ ಸತ್ತವು. 1860ರ ದಶಕದ ಕೊನೆಯ ಹೊತ್ತಿಗೆ ಹುಚ್ಚು ಇಳಿದು ಬೇಕಾದಷ್ಟು ತೊಟ್ಟಿಗಳು ಮೂಲೆ ಸೇರಿದವು.

ಅವರೆಲ್ಲ ಗಿಡವಿದ್ದರೆ ಸಾಕು, ನೀರು ತಾನೇ ಶುದ್ಧವಾಗುತ್ತದೆ ಎಂದು ನಂಬಿದ್ದರು. ಕಣ್ಣಿಗೆ ಕಾಣದ ಕೆಲಸಗಾರರ ಸುಳಿವು ಆಗಿನ್ನೂ ಯಾರಿಗೂ ಇರಲಿಲ್ಲ. ಆ ಸುಳಿವು ಸಿಕ್ಕಿದ್ದು 1877ರಲ್ಲಿ, ಅದೂ ಮೀನಿನ ತೊಟ್ಟಿಯಲ್ಲಲ್ಲ, ಚರಂಡಿ ನೀರಿನಲ್ಲಿ. ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬಿಬ್ಬರು ಒಂದು ಕೊಳವೆಗೆ ಮರಳು ಸುಣ್ಣಕಲ್ಲು ತುಂಬಿ, ಮೇಲಿನಿಂದ ಚರಂಡಿ ನೀರನ್ನು ಮೆಲ್ಲಗೆ ಹುಯ್ಯುತ್ತ ಹೋದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗೆ ಬರುವ ನೀರಿನಲ್ಲಿ ಅಮೋನಿಯ ಮಾಯವಾಗಿ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರಂ ಹಾಕಿದರೆ ಆ ಕೆಲಸ ನಿಂತಿತು. ತೋಟದ ಮಣ್ಣು ಕದಡಿದ ಒಂದಿಷ್ಟು ನೀರು ಹಾಕಿದ ಮೇಲೆ ಮತ್ತೆ ಶುರುವಾಯಿತು. ಅಂದರೆ ಅದು ಜೀವವಿರುವುದರ ಕೆಲಸ! ಅವರು ಹಾಕಿದ್ದು ಹೆಪ್ಪಲ್ಲದೆ ಮತ್ತೇನು?

ಇದರ ಮುಂದಿನ ಕತೆ ನನ್ನನ್ನು ಇನ್ನೂ ಬೆರಗುಗೊಳಿಸಿತು. ಈ ಜೀವಿಗಳ ಬೆನ್ನುಹತ್ತಿದವರಲ್ಲಿ ಒಬ್ಬ ಇನ್ನೊಬ್ಬ ರಾಬರ್ಟ್ ವಾರಿಂಗ್ಟನ್, ಗೋಲ್ಡ್ ಫಿಶ್ ಸಾಕಿದ ವಾರಿಂಗ್ಟನ್ನನ ಮಗ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿ, ಅಮೋನಿಯ ನೈಟ್ರೇಟ್ ಆಗುವುದು ಎರಡು ಹಂತಗಳಲ್ಲಿ ಎಂದು ಕಂಡುಕೊಂಡ. ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ್ದು ಮಾತ್ರ ರಷ್ಯದ ಸೆರ್ಗೈ ವಿನೊಗ್ರಾಡ್‌ಸ್ಕಿ, 1890ರ ಸುಮಾರಿಗೆ. ಈ ಮಗನ ಮಗಳು ಕ್ಯಾಥರಿನ್ ವಾರಿಂಗ್ಟನ್ ಅದೇ ರಾಥಮ್‌ಸ್ಟೆಡ್‌ನಲ್ಲಿ ದುಡಿದು, ಗಿಡಗಳ ಬೆಳವಣಿಗೆಗೆ ಬೋರಾನ್ ಬೇಕೇಬೇಕೆಂದು 1923ರಲ್ಲಿ ತೋರಿಸಿದಳು. ತಾತ ಮೀನಿನ ನೀರು ನೋಡಿದ, ಮಗ ಮಣ್ಣು ನೋಡಿದ, ಮೊಮ್ಮಗಳು ಗಿಡ ನೋಡಿದಳು. ತೊಟ್ಟಿಯಲ್ಲಿ ನೈಟ್ರೇಟ್ ಸಾಗುವುದೂ ಅದೇ ದಾರಿಯಲ್ಲಿ ತಾನೆ!

ನನ್ನ ಎರಡು ಗೌರಾಮಿಗಳು ಏಕೆ ಉಳಿದವು ಎಂಬುದಕ್ಕೂ ಸುಳಿವು ಸಿಕ್ಕಿತು. ಆ ಜಾತಿಗೆ ಕಿವಿರಿನ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಒಂದು ಅಂಗವಿದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತವೆ. ಅವುಗಳ ಸಂಬಂಧಿಯಾದ ಪ್ಯಾರಡೈಸ್ ಮೀನನ್ನು 1869ರಲ್ಲಿ ಚೀನಾದಿಂದ ಫ್ರಾನ್ಸಿಗೆ ತಂದಾಗ, ಅಷ್ಟು ದೂರದ ಹಡಗಿನ ಪ್ರಯಾಣದಲ್ಲಿ ಕೆಲವಾದರೂ ಬದುಕಿ ಬಂದವು. ಪ್ಯಾರಿಸ್ಸಿನ ಕಾರ್ಬೊನಿಯೆ ಎಂಬಾತ ಅವನ್ನು ಸಾಕಿ ಮರಿ ಮಾಡಿಸಿದ. ಕಿವಿರು ಸೋತರೂ ಗಾಳಿ ಕುಡಿಯುವ ಗುಣವೇ ನನ್ನ ಕೈಯಿಂದ ಆ ಎರಡನ್ನು ಕಾಪಾಡಿತೆಂದು ಕಾಣುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಒಂದು ದಿನ ತರಗತಿಯಲ್ಲಿ ಹೊಯ್ಸಳರ ಪಾಠ ಮಾಡುತ್ತಿದ್ದೆ. ಕೆರೆ ಕಟ್ಟಿಸಿದವರ ಹೆಸರು ಶಾಸನಗಳಲ್ಲಿರುತ್ತದೆ ಎಂದೆ. ಅರಸೀಕೆರೆ ಅಂದರೆ ಅರಸಿಯ ಕೆರೆ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಮಣ್ಣು ಹೊತ್ತೋರ ಹೆಸರು ಇರುತ್ತಾ?" ಎಂದು ಕೇಳಿದಳು. ಪ್ರತಿವರ್ಷ ಯಾರಾದರೂ ಒಬ್ಬರು ಕೇಳುವ ಪ್ರಶ್ನೆಯೇ. ಪ್ರತಿವರ್ಷದಂತೆ "ಇರುವುದಿಲ್ಲ, ಅದನ್ನೇ ನಾವು ಯೋಚಿಸಬೇಕು" ಎಂದು ಹೇಳಲು ಬಾಯಿ ತೆರೆದವಳು ಅಲ್ಲೇ ನಿಂತೆ. ಲಂಡನ್ನಿನ ಹುಡುಗಿಯ ಹೆಸರಿಲ್ಲವೆಂದು ಆ್ಯನಾ ತಿನ್‌ಳ ಮೇಲೆ ಸಿಟ್ಟು ಮಾಡಿಕೊಂಡವಳು ನಾನು. ಆದರೆ ಅರಸೀಕೆರೆಯ ಆ ಹೆಂಗಸಿನ ಹೆಸರನ್ನು ನಾನು ಕೇಳಿರಲೇ ಇಲ್ಲ. ಎರಡು ಗಂಟೆ ಅವಳ ಜೊತೆ ನಿಂತು "ಏನಮ್ಮ, ಬಾರಮ್ಮ, ಹಿಡಿಯಮ್ಮ" ಎಂದೇ ಕೆಲಸ ಮಾಡಿಸಿಕೊಂಡಿದ್ದೆ.

ಕಳೆದ ವರ್ಷ ನಾವು ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೋಗುವುದೆಂದಾಯಿತು. ತೊಟ್ಟಿ ಮತ್ತೆ ಹೊರಡಬೇಕು. ಅಷ್ಟರಲ್ಲಿ ಅದರಲ್ಲಿ ಹೊಸ ಮೀನುಗಳು ಸೇರಿದ್ದವು. ಹಳೆಯ ಗೌರಾಮಿಗಳಲ್ಲಿ ಒಂದು ಮುದಿಯಾಗಿ ಇನ್ನೂ ಇತ್ತು. ಬೆಳಗಾವಿಯ ಆ ಮನೆಯಾಕೆಗೆ ಫೋನು ಮಾಡಿ, ಅವರ ಹಳೆಯ ನೆರೆಯವರ ಮೂಲಕ ಆ ಹೆಂಗಸನ್ನು ಹುಡುಕಿದೆ. ಈಗ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ರಜೆಯ ದಿನ ಬಸ್ಸಿನಲ್ಲಿ ಬಂದಳು. ಬಂದವಳೇ ತೊಟ್ಟಿಯ ಮುಂದೆ ಕೂತು, "ಗೋಲ್ಡ್ ಫಿಶ್ ಎಲ್ಲಿ ಟೀಚರಮ್ಮ?" ಅಂದಳು. ನಾನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಒಂದ್ಸಲ ಹಂಗೇ ಆಗಿತ್ತು" ಅಂದಳು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳೂ ಸ್ಪಂಜನ್ನು ನಲ್ಲಿಯಲ್ಲಿ ಥಳಥಳ ತೊಳೆದಿದ್ದಳಂತೆ. ಮೂರು ಮೀನು ಸತ್ತು ಮನೆಯಾಕೆ ಬೇಸರ ಮಾಡಿಕೊಂಡಿದ್ದರು. ಮುಂದಿನ ಸಲ ಹೆದರಿ ತೊಳೆಯದೇ ಬಿಟ್ಟಳು. ಮೀನು ಚೆನ್ನಾಗಿದ್ದವು, ಆದರೆ ನೀರು ಸರಿಯಾಗಿ ಹರಿಯಲಿಲ್ಲ. ಅದರ ಮುಂದಿನ ಸಲ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದಳು. ಎರಡೂ ಸರಿಹೋಯಿತು. ಇದಕ್ಕಿಂತ ಬೇರೆ ಪ್ರಯೋಗ ಯಾವುದು? ವಾರಿಂಗ್ಟನ್ ಬಸವನಹುಳು ಬಿಟ್ಟು ನೋಡಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಅವನು ಹೇಳಿದ್ದನ್ನು ಬರೆದುಕೊಳ್ಳುವವರಿದ್ದರು. ಇವಳು ಹೇಳಿದ್ದನ್ನು ಕೇಳಿ ನಾನು ನಕ್ಕೆ.

ಆ ದಿನ ಅವಳು ಹೇಳಿದಂತೆ ನಡೆದುಕೊಂಡೆವು. ಹಿಂದಿನ ದಿನದಿಂದ ಮೀನಿಗೆ ಉಪವಾಸ. ಅರ್ಧಕ್ಕಿಂತ ಹೆಚ್ಚು ನೀರು ಕ್ಯಾನುಗಳಲ್ಲಿ. ಸ್ಪಂಜು ಅದೇ ನೀರಿನಲ್ಲಿ ಮುಳುಗಿಯೇ ಹೊರಟಿತು. ಜಲ್ಲಿಗೆ ಒದ್ದೆ ಬಟ್ಟೆ ಮುಚ್ಚಿದೆವು. ಹೊಸ ಮನೆಯಲ್ಲಿ ಹಾಲುಕ್ಕಿಸುವುದಕ್ಕೂ ಮೊದಲೇ ತೊಟ್ಟಿ ಜೋಡಿಸಿ ಪಂಪು ಹಾಕಿದ್ದಾಯಿತು. ನೀರು ತುಸು ಹಳದಿಯಾಗಿಯೇ ಇತ್ತು. ಗೃಹಪ್ರವೇಶಕ್ಕೆ ಬಂದವರಲ್ಲಿ ಒಬ್ಬರು "ಹೊಸ ಮನೇಲಿ ಇದೊಂದು ಕೊಳೆಯಾಗಿದೆಯಲ್ರೀ" ಅಂದರು. ನಾನು ಮಗನ ಮುಖ ನೋಡಿದೆ. ಅವನು ನಕ್ಕ. ಒಂದು ಮೀನೂ ಸಾಯಲಿಲ್ಲ.

ಸಂಜೆ ಬಸ್ಸಿಗೆ ಕಳಿಸುವಾಗ, ಇದನ್ನೆಲ್ಲ ಬರೆಯುತ್ತೇನೆ, ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ. ಆ ಹೊತ್ತಿಗೆ ನನ್ನ ಬಾಯಲ್ಲಿ ಬಹುವಚನ ತಾನಾಗಿಯೇ ಬಂದಿತ್ತು. ಅವರು ಸೆರಗು ಬಾಯಿಗಿಟ್ಟು ನಕ್ಕುಬಿಟ್ಟರು. "ಬ್ಯಾಡ ಟೀಚರಮ್ಮ, ನಮ್ಮ ಇಸ್ಕೂಲಲ್ಲಿ ಎಲ್ಲಾರೂ ಮೀನಮ್ಮ ಮೀನಮ್ಮ ಅಂತ ಕರೆಯಾಕೆ ಸುರು ಮಾಡ್ತಾರೆ!" ಅಂದರು. ಹಾಗಾಗಿ ಇಲ್ಲಿ ಅವರ ಹೆಸರಿಲ್ಲ. ನನ್ನ ದಿನಚರಿಯಲ್ಲಿದೆ. ಬೇಡವೆಂದದ್ದರಿಂದ ಬರೆಯದಿರುವುದಕ್ಕೂ, ಕೇಳದೇ ಬಿಟ್ಟದ್ದರಿಂದ ಬರೆಯದಿರುವುದಕ್ಕೂ ಅಂತರವಿದೆ.

ಮೊನ್ನೆ ಪಕ್ಕದ ಮನೆಯ ಹೊಸ ಸೊಸೆ ತಾನೂ ಒಂದು ತೊಟ್ಟಿ ಇಟ್ಟಿದ್ದೇನೆ, ಮೀನು ಬಿಡಬಹುದೇ ಎಂದು ಕೇಳಲು ಬಂದಿದ್ದಳು. ನನ್ನ ಫಿಲ್ಟರಿನ ಸ್ಪಂಜಿನಲ್ಲಿ ಕಾಲುಭಾಗ ಕತ್ತರಿಸಿ, ತೊಟ್ಟಿಯ ನೀರಿನೊಂದಿಗೆ ಡಬ್ಬಿಯಲ್ಲಿ ಹಾಕಿ ಕೊಡೋಣವೆಂದು ಎದ್ದೆ. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಕೊಡಬಾರದೆಂದು ನಮ್ಮತ್ತೆ ಹೇಳುತ್ತಿದ್ದರು. "ಬೆಳಿಗ್ಗೆ ಬಾರಮ್ಮ, ಕೊಡ್ತೀನಿ" ಎಂದು, ಅವಳ ಹೆಸರು ಕೇಳಿ ಕಳಿಸಿದೆ.